ಕೆಂಪು ದೀಪ ಹತ್ತಿದಾಗ: ಎಂಜಿನ್ ನೀರಿನ ಬಗ್ಗೆ ಒಬ್ಬ ರೈತ ಕಲಿತ ಪಾಠ

ನಾನು ಇಂಡಿ ತಾಲೂಕಿನ ಒಣಬೇಸಾಯದ ರೈತ. ಓದಿದ್ದು ಏಳನೇ ಇಯತ್ತೆ. ಬಿಳಿಜೋಳ, ತೊಗರಿ, ಒಂದಿಷ್ಟು ನಿಂಬಿ ಗಿಡ, ಇಷ್ಟು ನನ್ನ ಒಕ್ಕಲುತನ. ಈ ಪುಟಗಳಲ್ಲಿ ಬೀಜ, ಗೊಬ್ಬರ, ರೋಗದ ಬಗ್ಗೆ ಬಹಳ ಮಂದಿ ಬರೆಯುತ್ತಾರೆ. ನಾನು ಇವತ್ತು ಬರೆಯುವುದು ಗಾಡಿಯ ಎಂಜಿನ್ ಕಾಯುವ ಬಗ್ಗೆ. ಇದೇನು ಹೊಲದ ಮಾತಲ್ಲವಲ್ಲ ಎನ್ನಬ್ಯಾಡ್ರಿ. ಈಗ ಹಳ್ಳಿಯಲ್ಲಿ ಮಾಲು ಪೇಟೆಗೆ ಹೋಗುವುದು, ಹೆರಿಗೆಗೆ ಹೆಣ್ಣುಮಕ್ಕಳನ್ನು ದವಾಖಾನಿಗೆ ಒಯ್ಯುವುದು, ಬೀಗರ ಊರಿಗೆ ಹೋಗುವುದು ಎಲ್ಲ ಒಂದೇ ಗಾಡಿಯಲ್ಲಿ. ಅದು ಕೆಟ್ಟು ನಿಂತರೆ ಒಂದು ಬೆಳೆಯ ದುಡ್ಡು ಗ್ಯಾರೇಜಿಗೆ ಹೋಗುತ್ತದೆ. ನನ್ನದು ಹಾಗೇ ಹೋಯಿತು.

ನಾನು ಕೆಟ್ಟಿದ್ದು ಹೇಗೆ

ಕೆಲವು ವರ್ಷಗಳ ಹಿಂದೆ ಒಂದು ಹಳೇ ಪಿಕಪ್ ಗಾಡಿ ಕೊಂಡಿದ್ದೆ. ಬ್ಯಾಸಗಿ ದಿನ, ನಿಂಬಿಹಣ್ಣಿನ ಚೀಲ ಹೇರಿಕೊಂಡು ವಿಜಯಪುರಕ್ಕೆ ಹೊರಟಿದ್ದೆ. ಝಳಕಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಸ್ಟೇರಿಂಗ್ ಮುಂದಿನ ಕೆಂಪು ದೀಪ ಹತ್ತಿತು. ಸವಾಲು ಹಿಡಿಯುವ ಹೊತ್ತು ಮೀರುತ್ತದೆ ಎಂದು ನಾನು ನಿಲ್ಲಿಸಲಿಲ್ಲ. ಸ್ವಲ್ಪ ದೂರ ಹೋಗುವುದರೊಳಗೆ ದೀಪ ತಾನೇ ಆರಿತು. 'ಗಾಳಿಗೆ ತಣ್ಣಗಾತು' ಎಂದು ಖುಷಿಪಟ್ಟೆ. ಅದೇ ನನ್ನ ಮೊದಲನೇ ತಪ್ಪು.

ಮುಂದೆ ಎಂಜಿನ್ ದಮ್ಮು ಕಳೆದುಕೊಂಡಿತು, ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತು. ಗಾಡಿ ನಿಲ್ಲಿಸಿ ಹೆಗಲ ಮೇಲಿನ ವಲ್ಲಿ ಸುತ್ತಿ ರೇಡಿಯೇಟರ್ ಮುಚ್ಚಳ ತಿರುವಿದೆ. ಉಳಿದ ಚೂರು ನೀರು ಉಗಿಯಾಗಿ ಸಿಡಿದು ಮೊಣಕೈವರೆಗೆ ಸುಟ್ಟಿತು. ಇದು ಎರಡನೇ ತಪ್ಪು. ಆ ಸಿಟ್ಟಿನಲ್ಲಿಯೇ ಪಕ್ಕದ ಹೊಲದ ಬೋರಿನಿಂದ ಒಂದು ಕೊಡ ತಣ್ಣೀರು ತಂದು ಕಾದ ಎಂಜಿನ್ನಿಗೆ ಸುರಿದೆ. ಇದು ಮೂರನೇ ತಪ್ಪು.

ಮಿಸ್ತ್ರಿ ಎಂಜಿನ್ ಬಿಚ್ಚಿದ ಮೇಲೆ ಹೇಳಿದ: 'ಕಾಕಾ, ಹೆಡ್ ಸೊಟ್ಟ ಆಗೇತಿ, ಸೀಳೂ ಬಿಟ್ಟೈತಿ. ದೀಪ ಆರಿದ್ದು ತಣ್ಣಗಾಗಿ ಅಲ್ಲ, ನೀರ ಖಾಲಿ ಆಗಿ.' ಎರಡು ಎಕರೆ ತೊಗರಿಯ ದುಡ್ಡು ಅಲ್ಲಿಗೆ ಮುಗಿಯಿತು. ನಿಂಬಿಹಣ್ಣು ಚೀಲದಲ್ಲೇ ಬಾಡಿದವು. ಆ ದಿನದಿಂದ ಮಿಸ್ತ್ರಿಯ ಬೆನ್ನು ಹತ್ತಿ ಕೇಳಿ ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ದೀಪ ಏನು ಹೇಳುತ್ತದೆ

ಎಂಜಿನ್ ಒಳಗೆ ಎಣ್ಣೆ ಉರಿದು ಹುಟ್ಟುವ ಕಾವನ್ನು ನೀರು ಹೊತ್ತು ರೇಡಿಯೇಟರಿಗೆ ತರುತ್ತದೆ, ಅಲ್ಲಿ ಗಾಳಿ ಅದನ್ನು ತಣಿಸುತ್ತದೆ, ನೀರು ಮತ್ತೆ ಎಂಜಿನ್ನಿಗೆ ಹೋಗುತ್ತದೆ. ತಿರುಗಿಸುವುದು ವಾಟರ್ ಪಂಪು. ನಡುವೆ ಥರ್ಮೋಸ್ಟಾಟ್ ಎಂಬ ಬಾಗಿಲು ಇರುತ್ತದೆ. ಎಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತದೆ, ಬಹಳ ಗಾಡಿಗಳಲ್ಲಿ ನೀರು 80 ರಿಂದ 90 ಡಿಗ್ರಿಗೆ ಬಂದಾಗ ತೆರೆಯುತ್ತದೆ.

ಗಾಡಿಗಳಲ್ಲಿ ದೀಪ ಎರಡು ತರಹ. ಒಂದು ಕಾವಿನ ದೀಪ: ನೀರಿನಲ್ಲಿ ಮುಳುಗಿದ ಸೆನ್ಸರ್ ಕಾವು ಅಳೆದು ಹೇಳುತ್ತದೆ. ಇನ್ನೊಂದು ಮಟ್ಟದ ದೀಪ: ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಇಳಿದರೆ ಹತ್ತುತ್ತದೆ. ಎಲ್ಲ ಗಾಡಿಗೂ ಎರಡೂ ಇರುವುದಿಲ್ಲ. ಕೆಲವು ಸಣ್ಣ ಕಾರುಗಳಲ್ಲಿ ಮುಳ್ಳೂ ಇಲ್ಲ, ತಣ್ಣಗಿದ್ದಾಗ ನೀಲಿ ದೀಪ, ವಿಪರೀತ ಕಾದರೆ ಕೆಂಪು ದೀಪ, ಅಷ್ಟೆ. ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂದು ಗಾಡಿಯ ಜತೆ ಬಂದ ಪುಸ್ತಕದಲ್ಲಿ ಇವತ್ತೇ ನೋಡಿಕೊಳ್ಳಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗನಿಗೋ ಮಗಳಿಗೋ ಓದಿಸಿ.

ನನಗೆ ತಿಳಿಯದೇ ಇದ್ದ ಮಾತು ಇದು. ಕಾವಿನ ಸೆನ್ಸರ್ ನೀರಿನಲ್ಲಿ ಇದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ನೀರು ಪೂರ್ತಿ ಹೋದರೆ ಅದು ಬರೀ ಗಾಳಿಯಲ್ಲಿ ಉಳಿಯುತ್ತದೆ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಇಳಿಯಬಹುದು, ದೀಪ ಆರಬಹುದು. ಆದ್ದರಿಂದ ಒಮ್ಮೆ ಹತ್ತಿದ ಕೆಂಪು ದೀಪ ತಾನೇ ಆರಿದರೆ ಅದು ಒಳ್ಳೆಯ ಸುದ್ದಿ ಎಂದು ತಿಳಿಯಬ್ಯಾಡ್ರಿ. ನಿಲ್ಲಿಸಿ, ನೀರನ್ನು ಕಣ್ಣಿನಿಂದ ನೋಡಿದ ಮೇಲೆಯೇ ಮುಂದೆ ಹೋಗಿ.

ಇನ್ನೊಂದು ಪರೀಕ್ಷೆ ದಿನಾ ಮಾಡಬಹುದು. ಬಹಳ ಗಾಡಿಗಳಲ್ಲಿ ಚಾವಿ ತಿರುವಿದ ಕೂಡಲೇ ಎಚ್ಚರಿಕೆ ದೀಪಗಳು ಒಂದೆರಡು ಸೆಕೆಂಡು ಹತ್ತಿ ಆರುತ್ತವೆ. ಮೊದಲು ಹತ್ತುತ್ತಿದ್ದ ದೀಪ ಈಗ ಹತ್ತುತ್ತಿಲ್ಲ ಎಂದರೆ ದೀಪವೇ ಸತ್ತಿದೆ. ಹತ್ತುವ ದೀಪಕ್ಕಿಂತ ಸತ್ತ ದೀಪ ಹೆಚ್ಚು ಅಪಾಯ.

ದೀಪ ಹತ್ತಿದ ಕೂಡಲೇ ಮಾಡಬೇಕಾದದ್ದು

1. ರಸ್ತೆ ಬದಿಗೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ನಿಲ್ಲಿಸಲು ಜಾಗ ಇಲ್ಲದೆ ನೂರಿನ್ನೂರು ಮೀಟರ್ ಹೋಗಲೇಬೇಕಾದರೆ ಎ.ಸಿ. ಬಂದ್ ಮಾಡಿ, ಹೀಟರ್ ಪೂರ್ತಿ ಚಾಲೂ ಮಾಡಿ. ಒಳಗೆ ಕುಂತವರಿಗೆ ಸೆಕೆಯಾದೀತು, ಆದರೆ ಎಂಜಿನ್ನಿನ ಒಂದಿಷ್ಟು ಕಾವು ಆ ದಾರಿಯಿಂದ ಹೊರಗೆ ಹೋಗುತ್ತದೆ.

2. ಕನಿಷ್ಠ ಅರ್ಧ ತಾಸು ಕಾಯಿರಿ. ನಮ್ಮ ಬ್ಯಾಸಗಿಯಲ್ಲಿ ಒಂದು ತಾಸಾದರೂ ಹೆಚ್ಚಲ್ಲ. ಉಗಿ ಬರುತ್ತಿದ್ದರೆ ಬಾನೆಟ್ಟನ್ನೂ ತೆಗೆಯಬ್ಯಾಡ್ರಿ.

3. ಬಿಸಿ ಇರುವಾಗ ಮುಚ್ಚಳ ಮುಟ್ಟಬ್ಯಾಡ್ರಿ. ಇದು ಮನೆಯ ಕುಕ್ಕರಿನ ಲೆಕ್ಕ. ಬಹಳ ಗಾಡಿಗಳ ಮುಚ್ಚಳ ಸುಮಾರು 0.9 ಬಾರ್ ಒತ್ತಡ ಹಿಡಿಯುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ 100 ಡಿಗ್ರಿಗೆ ಕುದಿಯದೆ ಸುಮಾರು 118 ಡಿಗ್ರಿವರೆಗೆ ತಡೆಯುತ್ತದೆ. ಮುಚ್ಚಳ ಬಿಚ್ಚಿದ ಗಳಿಗೆಗೆ ಒತ್ತಡ ಹೋಗಿ ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಹೊಸ ಕಾರುಗಳಲ್ಲಿ ರೇಡಿಯೇಟರ್ ಮೇಲೆ ಮುಚ್ಚಳ ಇರದೆ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಇರಬಹುದು. ಅದರಲ್ಲೂ ಇದೇ ಒತ್ತಡ.

4. ಮೇಲಿನ ರಬ್ಬರ್ ಪೈಪು ಮುಟ್ಟಿ ನೋಡಿ. ಕೈಗೆ ಹಿತವಾಗುವಷ್ಟು ಬೆಚ್ಚಗೆ, ಹಿಚುಕಿದರೆ ಮೆತ್ತಗೆ ಇದ್ದರೆ ಮಾತ್ರ ಮುಚ್ಚಳಕ್ಕೆ ಕೈ ಹಾಕಿ. ದಪ್ಪ ಬಟ್ಟೆ ಇಟ್ಟು, ಮುಖ ದೂರ ಹಿಡಿದು, ನಿಧಾನ ತಿರುವಿ.

5. ಫ್ಯಾನಿನ ಹತ್ತಿರ ಕೈ, ಧೋತರದ ಚುಂಗು, ವಲ್ಲಿ ಒಯ್ಯಬ್ಯಾಡ್ರಿ. ಕರೆಂಟಿನ ಫ್ಯಾನು ಎಂಜಿನ್ ಬಂದ್ ಇದ್ದರೂ ತಾನೇ ತಿರುಗಬಹುದು.

ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು ದವಾಖಾನಿಗೆ ಹೋಗಿ. ಪೇಸ್ಟು, ಸುಣ್ಣ, ಶಾಯಿ ಹಚ್ಚಬ್ಯಾಡ್ರಿ. ನಾನು ಪೇಸ್ಟು ಹಚ್ಚಿದ್ದೆ. ಅದನ್ನು ತೊಳೆದು ತೆಗೆಯುವಾಗ ಆದ ನೋವು ಸುಟ್ಟಿದ್ದಕ್ಕಿಂತ ಹೆಚ್ಚಿತ್ತು.

ಕಾರಣ ಹುಡುಕುವ ಕ್ರಮ

ದನಕ್ಕೆ ಜಡ್ಡಾದರೆ ಮೊದಲು ಮೇವು, ನೀರು, ಸಗಣಿ ನೋಡುತ್ತೇವಲ್ಲ, ಹಾಗೆ ಇಲ್ಲಿಯೂ ಖರ್ಚಿಲ್ಲದ ಕಡೆಯಿಂದ ಶುರು ಮಾಡಬೇಕು. ಎಂಜಿನ್ ತಣ್ಣಗಾದ ಮೇಲೆ ಡಬ್ಬಿಯ ಮೇಲಿನ ಎರಡು ಗೆರೆ ನೋಡಿ. ನೀರು ಆ ಎರಡರ ನಡುವೆ ಇರಬೇಕು. ರೇಡಿಯೇಟರಿಗೆ ಬೇರೆ ಮುಚ್ಚಳ ಇದ್ದರೆ ಅದನ್ನೂ ತೆಗೆದು ನೋಡಿ. ಡಬ್ಬಿಯಲ್ಲಿ ನೀರಿದ್ದು ರೇಡಿಯೇಟರ್ ಖಾಲಿ ಇರುವುದುಂಟು.

ನೀರು ಕಡಿಮೆ ಇದ್ದರೆ: ಕೂಲಂಟ್ ಡೀಸೆಲ್ ಅಲ್ಲ, ಉರಿದು ತೀರುವುದಿಲ್ಲ. ಮತ್ತೆ ಮತ್ತೆ ಇಳಿಯುತ್ತದೆ ಎಂದರೆ ಎಲ್ಲೋ ಸೋರುತ್ತದೆ. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ನೋಡಿ. ಹಸಿರು, ಕೆಂಪು ಅಥವಾ ನೀಲಿ ಹನಿ ಬಿದ್ದಿದ್ದರೆ ಅದು ಕೂಲಂಟ್. ಎ.ಸಿ.ಯಿಂದ ಬೀಳುವ ನೀರಿಗೆ ಬಣ್ಣ ಇರುವುದಿಲ್ಲ, ಅದಕ್ಕೆ ಹೆದರಬ್ಯಾಡ್ರಿ. ಪೈಪಿನ ಕ್ಲಿಪ್ಪು, ಸೀಳಿದ ಪೈಪು, ರೇಡಿಯೇಟರಿನ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು ಇವನ್ನು ನೋಡಿ. ಒಣಗಿದ ಕೂಲಂಟ್ ಬಣ್ಣದ ಹುಡಿಯಾಗಿ ಅಂಟಿರುತ್ತದೆ. ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಅಥವಾ ಸ್ಪ್ರಿಂಗ್ ಸಡಿಲಿದ್ದರೆ ಅದರಿಂದಲೂ ನೀರು ಹೋಗುತ್ತದೆ. ಮುಚ್ಚಳ ಎಲ್ಲಕ್ಕಿಂತ ಅಗ್ಗದ ಸಾಮಾನು, ಮೊದಲು ಅದನ್ನೇ ಬದಲಿಸಿ ನೋಡಬಹುದು. ಆದರೆ ಅದೇ ಒತ್ತಡದ್ದು ಹಾಕಬೇಕು.

ಹೊರಗೆ ಎಲ್ಲೂ ಸೋರದೆ ನೀರು ಇಳಿಯುತ್ತಿದ್ದರೆ: ಇದು ಕೆಟ್ಟ ಲಕ್ಷಣ. ಎಂಜಿನ್ ಆಯಿಲ್ ಮುಚ್ಚಳ ತೆಗೆದು ನೋಡಿ. ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದೆಯೇ? ಕಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ, ಸಿಹಿ ವಾಸನೆ ಬರುತ್ತದೆಯೇ? ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿದರೆ ನೀರಿನಲ್ಲಿ ಗುಳ್ಳೆ ಎದ್ದೇ ಏಳುತ್ತವೆಯೇ? ಇವುಗಳಲ್ಲಿ ಒಂದು ಇದ್ದರೂ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯ. ಗಾಡಿ ಓಡಿಸದೆ ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ.

ನೀರು ಸರಿ ಇದ್ದು ಎಂಜಿನ್ ಕಾಯುತ್ತಿದ್ದರೆ: ಮೊದಲು ಫ್ಯಾನು. ಎ.ಸಿ. ಇರುವ ಬಹಳ ಕಾರುಗಳಲ್ಲಿ ಎ.ಸಿ. ಹಾಕಿದಾಗ ರೇಡಿಯೇಟರ್ ಫ್ಯಾನು ತಿರುಗಬೇಕು. ತಿರುಗದಿದ್ದರೆ ಫ್ಯೂಜು, ರಿಲೇ, ಮೋಟಾರು ನೋಡಿಸಿ. ಸಾಲು ಗಾಡಿಗಳ ನಡುವೆ ನಿಂತಾಗ ಕಾಯುತ್ತದೆ, ಓಡುವಾಗ ಸರಿ ಇರುತ್ತದೆ ಎಂದರೆ ಸಂಶಯ ಫ್ಯಾನಿನ ಮೇಲೆ. ಓಡುವಾಗಲೇ, ಭಾರ ಎಳೆಯುವಾಗಲೇ ಕಾಯುತ್ತದೆ ಎಂದರೆ ರೇಡಿಯೇಟರ್ ಕಟ್ಟಿರಬಹುದು. ಎಂಜಿನ್ ಕಾದಿದ್ದು ಮೇಲಿನ ಪೈಪು ಸುಡುತ್ತಿದೆ, ಕೆಳಗಿನದು ತಣ್ಣಗಿದೆ ಎಂದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲ, ಇಲ್ಲವೇ ರೇಡಿಯೇಟರ್ ಒಳಗೆ ಕಟ್ಟಿದೆ. ಬ್ಯಾಟರಿ ದೀಪ ಮತ್ತು ಕಾವಿನ ದೀಪ ಎರಡೂ ಕೂಡಿ ಹತ್ತಿದರೆ ಬೆಲ್ಟ್ ಹರಿದಿದೆಯೇ ನೋಡಿ.

ನೀರೂ ಸರಿ, ಎಂಜಿನ್ನೂ ತಣ್ಣಗೆ, ಆದರೂ ದೀಪ ಹತ್ತಿದರೆ: ಆಗ ಮಾತ್ರ ಸೆನ್ಸರ್ ಮತ್ತು ವಯರಿನ ಮೇಲೆ ಸಂಶಯ. ನಮ್ಮಲ್ಲಿ ಗಾಡಿಯನ್ನು ಕಣಕಿ ಬಣವಿ ಬಾಜು ನಿಲ್ಲಿಸುತ್ತೇವೆ. ಇಲಿ ಬಾನೆಟ್ಟಿನೊಳಗೆ ಸೇರಿ ವಯರು ಕಡಿಯುತ್ತದೆ. ಸೆನ್ಸರಿನ ಕೂಡು ಬಿಚ್ಚಿ ಮಣ್ಣು, ಕಿಲುಬು ಒರೆಸಿ ಹಾಕಿದರೆ ಎಷ್ಟೋ ಸಲ ಸರಿಯಾಗುತ್ತದೆ. ಆದರೆ 'ಸೆನ್ಸರ್ ಕೆಟ್ಟೈತಿ' ಎಂಬ ಮಾತನ್ನು ಕಡೆಗೆ ಹೇಳಬೇಕು, ಮೊದಲಿಗಲ್ಲ.

ನಮ್ಮ ಸೀಮೆಯ ನೀರು

ಇದು ಬೇರೆ ಜಿಲ್ಲೆಯವರಿಗಿಂತ ನಮಗೆ ಹೆಚ್ಚು ಬೇಕಾದ ಮಾತು. ಇಂಡಿ, ಸಿಂದಗಿ ಕಡೆ ಬಹಳ ಬೋರಿನ ನೀರು ಗಡಸು. ಸ್ನಾನದ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಸುಣ್ಣದ ಪದರು ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಅದೇ ಪದರು ರೇಡಿಯೇಟರಿನ ಕಡ್ಡಿಯಂಥ ಕೊಳವೆಗಳಲ್ಲೂ ಎಂಜಿನ್ ಗೋಡೆಗೂ ಕಟ್ಟುತ್ತದೆ. ಪದರು ಕಟ್ಟಿದ ಹಂಡೆಗೆ ಉರಿ ಹೆಚ್ಚು ಬೇಕಾಗುವ ಹಾಗೆ, ಇಲ್ಲಿ ಕಾವು ನೀರಿಗೆ ಇಳಿಯುವುದಿಲ್ಲ. ಡೋಣಿ ಸಾಲಿನ ಸವಳು ನೀರಂತೂ ಇನ್ನೂ ಕೆಟ್ಟದ್ದು. ಅದರ ಉಪ್ಪು ಅಲ್ಯುಮಿನಿಯಂ ತಿಂದು ತೂತು ಮಾಡುತ್ತದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯವರು 'ನಮಗೆ ಕೃಷ್ಣಾ ಕಾಲುವೆ ನೀರು ಬಂದೈತಿ' ಎನ್ನಬಹುದು. ಹೊಲಕ್ಕೆ ಅದು ಬಂಗಾರ, ಆದರೆ ಅದರಲ್ಲೂ ಕೆಸರು, ಲವಣ ಇದ್ದೇ ಇರುತ್ತವೆ. ಎಂಜಿನ್ನಿಗೆ ಬ್ಯಾಡ.

ಹಾಗಾದರೆ ಏನು ಹಾಕಬೇಕು? ಪುಸ್ತಕದಲ್ಲಿ ಹೇಳಿದ ಜಾತಿಯ ಕೂಲಂಟ್. ಸಾಮಾನ್ಯವಾಗಿ ಅರ್ಧ ಕೂಲಂಟ್, ಅರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ ನೀರು. ತಯಾರಿ ಬೆರೆಸಿದ್ದೂ ಸಿಗುತ್ತದೆ, ಅದಕ್ಕೆ ಮತ್ತೆ ನೀರು ಬೆರೆಸಬಾರದು. 'ನಮ್ಮಲ್ಲಿ ಹಿಮ ಬೀಳೂದಿಲ್ಲ, ಕೂಲಂಟ್ ಯಾಕ' ಎಂದು ಕೇಳುವವರು ಬಹಳ. ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಮುಚ್ಚಳವಿಲ್ಲದೆಯೂ ಸುಮಾರು 107 ಡಿಗ್ರಿವರೆಗೆ ಕುದಿಯುವುದಿಲ್ಲ. ತುಕ್ಕು ತಡೆಯುವ ಔಷಧವೂ ಅದರಲ್ಲೇ ಇರುತ್ತದೆ. ಹಿಮ ಬೀಳದಿದ್ದರೂ ನಮ್ಮ ಬಿಸಿಲಿಗೆ ಅದು ಬೇಕು. ಬಣ್ಣ ನೋಡಿ ಬೆರೆಸಬ್ಯಾಡ್ರಿ. ಒಂದೇ ಬಣ್ಣದ ಎರಡು ಕಂಪನಿಯ ಕೂಲಂಟ್ ಬೇರೆ ಬೇರೆ ಜಾತಿ ಇರಬಹುದು.

ದಾರಿಯಲ್ಲಿ ಅಡಚಣೆಯಾದಾಗ ಊರಿನ ಶುದ್ಧ ನೀರಿನ ಘಟಕದ ನೀರು ನಡೆಯುತ್ತದೆ. ಶುದ್ಧವಾಗಿ ಹಿಡಿದ ಮಳೆ ನೀರೂ ನಡೆಯುತ್ತದೆ. ಆಮೇಲೆ ಅದನ್ನು ತೆಗೆಸಿ ಸರಿಯಾದ ಕೂಲಂಟ್ ತುಂಬಿಸಬೇಕು.

ಕೇಳಿ ಮೋಸ ಹೋಗುವ ಉಪಾಯಗಳು

'ಬಿಸಿಲು ನಾಡಿಗೆ ಥರ್ಮೋಸ್ಟಾಟ್ ಬ್ಯಾಡ, ತಗದ ಒಗಿ' ಎನ್ನುವವರಿದ್ದಾರೆ. ತೆಗೆದರೆ ಎಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಎಣ್ಣೆ ಹೆಚ್ಚು ಕುಡಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ತಿರುಗಿ ಇನ್ನೂ ಹೆಚ್ಚು ಕಾಯುತ್ತದೆ. ಕೆಟ್ಟರೆ ಹೊಸದು ಹಾಕಿಸಿ.

ರೇಡಿಯೇಟರ್ ಸೋರಿದರೆ ಅರಿಶಿಣ ಪುಡಿ ಹಾಕುವುದು ಲಾರಿಯವರ ಹಳೇ ಉಪಾಯ. ತೂತು ಮುಚ್ಚಬಹುದು, ಆದರೆ ಅದೇ ಪುಡಿ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ.

ನಿಂಬಿ ಬೆಳೆಯುವ ನಮಗೆ ಇನ್ನೊಂದು ವಿಚಾರ ಬರುತ್ತದೆ: ಹಂಡೆಯ ಸುಣ್ಣ ನಿಂಬಿಹುಳಿಗೆ ಬಿಡುತ್ತದೆ, ರೇಡಿಯೇಟರಿಗೂ ಹಾಕಿದರೆ? ನಾನೂ ಕೇಳಿದ್ದೆ. ಮಿಸ್ತ್ರಿ ನಕ್ಕು, 'ಹುಳಿ ಸುಣ್ಣನೂ ತಿಂತೈತಿ, ಅಲ್ಯುಮಿನಿಯಂನೂ ತಿಂತೈತಿ' ಎಂದ. ಅದಕ್ಕೆಂದೇ ಇರುವ ಔಷಧದಿಂದ ಗ್ಯಾರೇಜಿನಲ್ಲೇ ತೊಳೆಸಿ.

ಟ್ರ್ಯಾಕ್ಟರ್ ಇದ್ದವರಿಗೆ

ರಾಶಿ ಕಾಲಕ್ಕೆ ಟ್ರ್ಯಾಕ್ಟರ್ ನಿಂತಲ್ಲೇ ನಿಂತು ರಾಶಿ ಮಷೀನು ತಿರುಗಿಸುತ್ತದೆ. ಜೋಳದ ಹೊಟ್ಟು, ಸುಂಕು, ತೊಗರಿಯ ಧೂಳು ರೇಡಿಯೇಟರಿನ ಮುಂದಿನ ಜಾಳಿಗೆ ಕೂತು ಗಾಳಿ ಬಂದ್ ಮಾಡುತ್ತವೆ. ಒಳಗೆ ನೀರು ಎಷ್ಟಿದ್ದರೂ ಕಾಯುವುದೇ. ಎರಡು ಮೂರು ತಾಸಿಗೊಮ್ಮೆ ಎಂಜಿನ್ ಬಂದ್ ಮಾಡಿ ಜಾಳಿ ಬ್ರಷಿನಿಂದ ಬಳಿಯಿರಿ. ಸಾಧ್ಯವಿದ್ದರೆ ಗಾಳಿ ಬೀಸುವ ದಿಕ್ಕು ನೋಡಿ, ಹೊಟ್ಟು ಎಂಜಿನ್ ಕಡೆ ಬರದಂತೆ ಟ್ರ್ಯಾಕ್ಟರ್ ನಿಲ್ಲಿಸಿ. ರಾಶಿ ಮುಗಿದ ಮೇಲೆ ಒಳಗಿನಿಂದ ಹೊರಗೆ ಹಗುರವಾಗಿ ನೀರು ಹೊಡೆದು ತೊಳೆಯಿರಿ. ಜೋರಾಗಿ ಹೊಡೆದರೆ ತೆಳು ರೆಕ್ಕೆ ಮಡಚುತ್ತವೆ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಾಗಬೇಕು. ಸರಿಯಾದ ಅಳತೆ ಪುಸ್ತಕದಲ್ಲಿ ಇರುತ್ತದೆ.

ಮನೆಮಂದಿಗೂ ದನಕ್ಕೂ ಎಚ್ಚರಿಕೆ

ಕೂಲಂಟಿನಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಎಂಬ ವಿಷ ಇರುತ್ತದೆ. ರುಚಿ ಸಿಹಿ. ತೆಗೆದ ಹಳೇ ಕೂಲಂಟನ್ನು ಬುಟ್ಟಿಯಲ್ಲಿ ಬಿಟ್ಟರೆ ನಾಯಿ, ಕರು, ಕೂಸುಗಳು ಕುಡಿಯಬಹುದು. ಮೂತ್ರಪಿಂಡ ಕೆಡಿಸಿ ಜೀವ ತೆಗೆಯುತ್ತದೆ. ಕುಡಿದರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ದವಾಖಾನಿಗೆ ಒಯ್ಯಿರಿ, ದನವಾದರೆ ಪಶುವೈದ್ಯರನ್ನು ಕರೆಯಿರಿ. ಬಾವಿ, ಹಳ್ಳ, ದನದ ತೊಟ್ಟಿಯ ಹತ್ತಿರ ಚೆಲ್ಲಬ್ಯಾಡ್ರಿ. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬ್ಯಾಡ್ರಿ.

ಎರಡನೇ ಸಲ

ಕಳೆದ ಬ್ಯಾಸಗಿಯಲ್ಲಿ ಮಗನ ಹಳೇ ಕಾರಿನಲ್ಲಿ ದೇವರ ಹಿಪ್ಪರಗಿ, ತಾಳಿಕೋಟಿ ಮೇಲೆ ಹಾಯ್ದು ಮುದ್ದೇಬಿಹಾಳಕ್ಕೆ ಒಂದು ನಿಶ್ಚಯ ಕಾರ್ಯಕ್ಕೆ ಹೊರಟಿದ್ದೆವು. ತಾಳಿಕೋಟಿ ಇನ್ನೂ ಮುಂದಿತ್ತು. 'ಅಪ್ಪಾ, ಕೆಂಪು ದೀಪ ಹತ್ತೇತಿ' ಎಂದ ಮಗ. 'ನಿಲ್ಸು' ಎಂದೆ. 'ಹೊತ್ತಾಗತೈತಿ, ಡೋಣಿ ಬಂದ ಬಿಡ್ತು, ಅಲ್ಲೇ ನೀರ ಹಾಕೂನು' ಎಂದ. ನಾನು ತೋಳು ಮಡಚಿ ಸುಟ್ಟ ಕಲೆ ತೋರಿಸಿದೆ. ಸುಮ್ಮನೆ ನಿಲ್ಲಿಸಿದ.

ಬೇವಿನ ಗಿಡದ ನೆರಳಿಗೆ ಮುಕ್ಕಾಲು ತಾಸು ಕುಂತೆವು. ಪೈಪು ಮೆತ್ತಗಾದ ಮೇಲೆ ಮುಚ್ಚಳ ತೆಗೆದೆವು. ಡಬ್ಬಿ ಖಾಲಿ, ಕೆಳಗಿನ ಪೈಪಿನ ಕ್ಲಿಪ್ಪು ಸಡಿಲಾಗಿ ಬಾಜು ಎಲ್ಲ ಹಸಿರು ಕಲೆ. ಕ್ಲಿಪ್ಪು ಬಿಗಿದು, ಕುಡಿಯಲು ತಂದಿದ್ದ ಶುದ್ಧ ನೀರನ್ನು ಸ್ವಲ್ಪ ಸ್ವಲ್ಪ ಹಾಕಿದೆವು. ಮುಚ್ಚಳ ತೆಗೆದೇ ಎಂಜಿನ್ ಸ್ವಲ್ಪ ಹೊತ್ತು ಚಾಲೂ ಇಟ್ಟೆವು. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬಂದು ನೀರು ಇಳಿಯಿತು. ಮತ್ತಷ್ಟು ಹಾಕಿ, ಕಾವು ಏರುವ ಮುಂಚೆ ಮುಚ್ಚಿ, ನಿಧಾನ ತಾಳಿಕೋಟಿ ಮುಟ್ಟಿದೆವು. ಅಲ್ಲಿ ಹೊಸ ಕ್ಲಿಪ್ಪು ಹಾಕಿಸಿದೆವು. ಆಮೇಲೆ ಊರಿಗೆ ಬಂದು ಕೂಲಂಟ್ ಪೂರ್ತಿ ಬದಲಿಸಿದೆವು.

ಕಾರ್ಯ ಮುಗಿದು ಊಟಕ್ಕೆ ಕುಂತಾಗ ನಾವು ಹೋಗಿ ಮುಟ್ಟಿದೆವು. ಬೀಗರು ನಕ್ಕರು. ಆದರೆ ಆ ಕಾರು ಇವತ್ತೂ ಓಡುತ್ತಿದೆ. ಹೋದ ತಿಂಗಳು ಓಣಿಯ ಒಬ್ಬ ಹೆಣ್ಣುಮಗಳನ್ನು ರಾತ್ರಿ ಹೆರಿಗೆಗೆ ಒಯ್ದದ್ದೂ ಅದರಲ್ಲೇ.

ಗೋಡೆಗೆ ಬರೆದಿಡಬೇಕಾದದ್ದು

ವಾರಕ್ಕೊಮ್ಮೆ: ಬೆಳಿಗ್ಗೆ ತಣ್ಣಗಿರುವಾಗ ಡಬ್ಬಿಯ ಗೆರೆ ನೋಡುವುದು, ಗಾಡಿಯ ಕೆಳಗೆ ಹನಿ ನೋಡುವುದು.
ಯುಗಾದಿಗೆ ಮುಂಚೆ: ಪೈಪು, ಕ್ಲಿಪ್ಪು, ಬೆಲ್ಟು, ಫ್ಯಾನು, ಮುಚ್ಚಳ ನೋಡಿಸುವುದು.
ರಾಶಿ ಮುಗಿದ ಮೇಲೆ: ರೇಡಿಯೇಟರ್ ಜಾಳಿ ತೊಳೆಯುವುದು.
ಪುಸ್ತಕದ ಅವಧಿಗೆ: ಕೂಲಂಟ್ ಬದಲಿಸಿ, ತಾರೀಖು ಬರೆದಿಡುವುದು.
ಗಾಡಿಯಲ್ಲಿ ಸದಾ: 5 ಲೀಟರ್ ಒಳ್ಳೆಯ ನೀರು, ಎರಡು ಕ್ಲಿಪ್ಪು, ಒಂದು ಸ್ಕ್ರೂಡ್ರೈವರ್, ದಪ್ಪ ಬಟ್ಟೆ.

ನಾನು ಮಿಸ್ತ್ರಿ ಅಲ್ಲ, ಪೆಟ್ಟು ತಿಂದು ಕಲಿತವನು. ಇದರಲ್ಲಿ ತಪ್ಪಿದ್ದರೆ ತಿಳಿದವರು ಪತ್ರ ಬರೆದು ತಿದ್ದಬೇಕು. ನಿಮಗೂ ಇಂಥ ಅನುಭವ ಆಗಿದ್ದರೆ ನಾಚದೆ ಬರೆಯಿರಿ. ಒಬ್ಬರ ತೊಗರಿ ದುಡ್ಡು ಹೋದದ್ದು ಹತ್ತು ಮಂದಿಗೆ ತಿಳಿದರೆ ಅವರ ದುಡ್ಡಾದರೂ ಉಳಿಯುತ್ತದೆ.